ಎಡಗಾಲಿನ ಸಾಕ್ಷಿ

ಕ್ವಾರಿಯ ಜಲ್ಲಿದಾರಿ ಮುಗಿದು ಕೆರೆ ಏರಿಯ ಟಾರು ಶುರುವಾದದ್ದೇ ತಡ, ಗಾಡಿಯ ದನಿ ಬದಲಾಯಿತು. ಅಲ್ಲಿಯವರೆಗೆ ಕಲ್ಲು ಕಚ್ಚಿ ಉಗುಳುತ್ತ ಬಂದಿದ್ದ ಮುಳ್ಳುಮುಳ್ಳಿನ ಟೈರುಗಳು ಈಗ ಗುಂಯ್ ಎಂದು ಒಂದೇ ರಾಗ ಹಿಡಿದವು. ಅಷ್ಟು ಹೊತ್ತೂ ಫುಟ್‌ರೆಸ್ಟಿನ ಮೇಲೆ ನಿಂತೇ ಬಂದಿದ್ದ ರಮ್ಯ ಸೀಟಿಗೆ ಕೂತಳು. ತೊಡೆ ನಡುಗುತ್ತಿತ್ತು. ಬಾಯಲ್ಲಿ ಕಲ್ಲುಪುಡಿಯ ರುಚಿ.

ಒಳ್ಳೆಯ ಗಾಡಿ ಎಂದುಕೊಂಡಳು. ಆಮೇಲೆ, ಕೊಂದ ಗಾಡಿಯ ಅವಳಿಯನ್ನು ಹೀಗೆ ಹೊಗಳಬಾರದಿತ್ತು ಅನ್ನಿಸಿತು.

ಕ್ವಾರಿಯಲ್ಲಿ ಮೇಕೆಯ ಹಾಗೆ ಹತ್ತಿ ಇಳಿದದ್ದು, ಟಾರಿಗೆ ಬಂದ ಮೇಲೆ ಸ್ಕೂಲಿಗೆ ಹೊರಟ ಹುಡುಗಿಯಷ್ಟು ಮರ್ಯಾದೆಯಿಂದ ಓಡುತ್ತಿತ್ತು. ಊರ ರಸ್ತೆಗೂ ಸರಿ, ಕಾಡುದಾರಿಗೂ ಸರಿ ಅನ್ನುವಂಥ ಗಾಡಿ ಮಾಡುತ್ತೇವೆಂದು ಆರೋಹಿ ಮೋಟರ್ಸ್‌ನವರು ಹೊರಟಿದ್ದರು. ಮಾರುಕಟ್ಟೆಗೆ ಇನ್ನೂ ಬಂದಿಲ್ಲ, ಹೆಸರಿಲ್ಲ, ಬಣ್ಣವಿಲ್ಲ, ಬೀಗದಕೈ ಕೂಡ ಇಲ್ಲ. ಟ್ಯಾಂಕಿನ ಕೆಳಗೆ ಬೆರಳಿಗೆ ಮಾತ್ರ ಸಿಗುವ ಒಂದು ಸ್ವಿಚ್ಚು. ಕಂಪನಿಯ ಟೆಸ್ಟ್ ಯಾರ್ಡಿನ ಜನ ಅದನ್ನು ಮುಂಗುಸಿ ಎಂದು ಕರೆಯುತ್ತಿದ್ದರು. ಇದ್ದದ್ದು ಎರಡೇ. ಒಂದು ಪೊಲೀಸ್ ಸ್ಟೇಷನ್ ಮುಂದೆ ನಿಂತಿತ್ತು. ಇನ್ನೊಂದು ರಮ್ಯಳ ಕೈಯಲ್ಲಿತ್ತು.

ಎಡಕ್ಕೆ ಕೆರೆ, ಬಲಕ್ಕೆ ಸೊಪ್ಪಿನ ತೋಟ. ದೂರದಲ್ಲಿ ಕೆ.ಆರ್. ಪುರದ ಹೊಸ ತೂಗುಸೇತುವೆಯ ಕಂಬಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಮೂರನೇ ಗೇರು. ನಾಲ್ಕನೇ ಗೇರು. ಏರಿ ತಿರುಗುವಲ್ಲಿ ಪೊಲೀಸರು ಎಳೆದಿದ್ದ ಸುಣ್ಣದ ಗುರುತು ಇನ್ನೂ ಪೂರ್ತಿ ಅಳಿಸಿರಲಿಲ್ಲ.

ಜಾಲಿ ಪೊದೆಯಿಂದ ನಾಯಿಯೊಂದು ನೇರ ರಸ್ತೆಗೆ ನುಗ್ಗಿತು.

ರಮ್ಯಳ ಎಡಗಾಲು ಧಡಕ್ಕನೆ ಒತ್ತಿತು. ಅವಳು ಒತ್ತಿದ್ದಲ್ಲ, ಕಾಲೇ ಒತ್ತಿದ್ದು. ಒಮ್ಮೆ. ಮತ್ತೊಮ್ಮೆ.

ಗಾಡಿ ನಿಲ್ಲಲಿಲ್ಲ. ಕಿರುಚಿತು.

ಹೊಟ್ಟೆಯೊಳಗೆ ಯಾರೋ ಗರಗಸ ಆಡಿಸಿದಂಥ ಕಿರುಚಾಟ. ಬಲಗೈ ಎಚ್ಚೆತ್ತು ಮುಂದಿನ ಬ್ರೇಕು ಹಿಡಿಯುವ ಹೊತ್ತಿಗೆ ನಾಯಿ ತನ್ನ ಪುಣ್ಯದಿಂದ ತಾನೇ ಪಾರಾಗಿ, ದಂಟಿನ ಪಾತಿಯಲ್ಲಿ ನಿಂತು ಅವಳ ವಂಶವನ್ನೆಲ್ಲ ಬೊಗಳುತ್ತಿತ್ತು.

ರಮ್ಯ ಇಂಜಿನ್ ಆರಿಸಿದಳು. ಹೆಲ್ಮೆಟ್ ತೆಗೆದಳು. ತನ್ನ ಎಡಗಾಲನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

ಹೋದ ಸೋಮವಾರ ಬೆಳಿಗ್ಗೆ ಇದೇ ತಿರುವಿನಲ್ಲಿ ಇದರ ಜೋಡಿ ಗಾಡಿ, ಸೊಪ್ಪಿನ ಮಂಕರಿ ಹೊತ್ತು ಬರುತ್ತಿದ್ದ ಆಂಜನಮ್ಮನನ್ನು ಹೊಡೆದು ಕೊಂದಿತ್ತು; ಓಡಿಸಿದವನು ಕಂಪನಿಯ ಟೆಸ್ಟ್ ರೈಡರ್ ಭೀಮಾಶಂಕರ ಎಂದು ಪೊಲೀಸರು, ನಾನಲ್ಲ ಎಂದು ಜೈಲಿನಿಂದ ಭೀಮಾಶಂಕರ, ಯಾರ ಮಾತು ನಿಜ ನೋಡಿಕೊಂಡು ಬಾ ಎಂದು ರಮ್ಯಳನ್ನು ತನಿಖೆಗೆ ಕಳಿಸಿದ ವಿಮಾ ಕಂಪನಿ. ನಾಳೆ ಜಾಮೀನು ಅರ್ಜಿಯ ವಿಚಾರಣೆ.

ಭೀಮಾಶಂಕರ ಹೇಳುವುದಿಷ್ಟೆ: ಕ್ವಾರಿಯಲ್ಲಿ ಗಾಡಿ ನಿಲ್ಲಿಸಿ, ಹೆಲ್ಮೆಟನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ, ಬಂಡೆಯ ಹಿಂದಕ್ಕೆ ಹೋದೆ, ಇಂಜಿನ್ ಶಬ್ದ ಕೇಳಿ ಓಡಿ ಬಂದರೆ ಗಾಡಿಯೂ ಇಲ್ಲ, ಹೆಲ್ಮೆಟ್ಟೂ ಇಲ್ಲ. ಕೇಳಿದವರೆಲ್ಲ ನಕ್ಕಿದ್ದರು. ಗಾಡಿ ಏರಿಯ ಕೆಳಗೆ ಬಿದ್ದಿತ್ತು. ಹೆಲ್ಮೆಟ್ ಸಿಕ್ಕಿರಲಿಲ್ಲ.

ಕಣ್ಣಾರೆ ಕಂಡವಳೆಂದರೆ ಏರಿಯ ಆ ತುದಿಯಲ್ಲಿ ಟೀ ಅಂಗಡಿ ಇಟ್ಟಿರುವ ಗಂಗಲಕ್ಷ್ಮಮ್ಮ ಒಬ್ಬಳೇ. ಅವಳು ಕಂಡದ್ದು ಹೆಲ್ಮೆಟ್ಟನ್ನು, ಮುಖವನ್ನಲ್ಲ. "ಆವಮ್ಮನ್ನ ನೋಡಿನೂ ನಿಲ್ಲಿಸ್ಲಿಲ್ಲ ಕಣಮ್ಮ ಪಾಪಿ. ಗಾಡಿ ಕಿರುಚ್ಕೊಂಡು ಇನ್ನೂ ಜೋರಾಗಿ ಬಂತು" ಎಂದಿದ್ದಳು. ಆ ಒಂದು ಮಾತಿನಿಂದಲೇ ಕೇಸು ಅಜಾಗರೂಕ ಚಾಲನೆಯ ಮಟ್ಟದಿಂದ ಕೊಲೆಯ ಮಟ್ಟಕ್ಕೆ ಏರಿತ್ತು. ಕಂಡ ಮೇಲೂ ಆಕ್ಸಿಲರೇಟರ್ ತಿರುವಿದವನು ಬೇಕೆಂದೇ ಕೊಂದವನಲ್ಲದೆ ಇನ್ನೇನು?

ಆಕ್ಸಿಲರೇಟರ್ ಅಲ್ಲ. ರಮ್ಯಳಿಗೆ ಈಗ ಗೊತ್ತು. ಅವನು ನಿಲ್ಲಿಸಲು ನೋಡಿದ್ದ.

ರಮ್ಯ ಬೈಕ್ ಕಲಿತದ್ದು ಹೊರಮಾವಿನ ಹೊಲದ ದಾರಿಯಲ್ಲಿ, ಅಪ್ಪ ಮುನಿಶಾಮಿಯ ಬುಲೆಟ್ ಮೇಲೆ. ಇವತ್ತಿಗೂ ಅವಳು ಶಿವಾಜಿನಗರದ ಆಫೀಸಿಗೆ ಹೋಗುವುದು ಅದರ ಮೇಲೆಯೇ. ಹಳೇ ಬುಲೆಟ್ಟಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಮಿಕ್ಕೆಲ್ಲ ಗಾಡಿಗೂ ಅದು ಉಲ್ಟಾ. ಬೆಳಿಗ್ಗೆಯಿಂದ ಅವಳು ಅದನ್ನು ಜಪದ ಹಾಗೆ ಹೇಳಿಕೊಂಡೇ ಓಡಿಸಿದ್ದಳು: ಎಡ ಗೇರು, ಬಲ ಬ್ರೇಕು. ನಾಯಿ ನುಗ್ಗಿದ ಕ್ಷಣ ಜಪ ಮರೆತುಹೋಯಿತು. ಭಯಕ್ಕೆ ಗೊತ್ತಿರುವುದು ಮೊದಲು ಕಲಿತದ್ದು ಮಾತ್ರ. ಕಾಲು ಎಡಕ್ಕೆ ಬ್ರೇಕು ಹುಡುಕಿತು, ಅಲ್ಲಿದ್ದದ್ದು ಗೇರು. ಓಡುತ್ತಿರುವ ಗಾಡಿಯನ್ನು ಒಮ್ಮೆಲೇ ಕೆಳಗಿನ ಗೇರಿಗೆ ತಳ್ಳಿದರೆ ಅದು ಕಿರುಚದೆ ಏನು ಮಾಡೀತು?

ಸುಣ್ಣದ ಗುರುತಿನ ಪಕ್ಕದಲ್ಲಿ ಟೈರು ಉಜ್ಜಿದ ಕರಿಗೆರೆ ಯಾಕಿಲ್ಲ ಎಂದು ಅವಳು ಎರಡು ದಿನದಿಂದ ತಲೆ ಕೆಡಿಸಿಕೊಂಡಿದ್ದಳು. ಬ್ರೇಕೇ ಬಿದ್ದಿರಲಿಲ್ಲ.

ಆಂಜನಮ್ಮನ ಕಡೆಗೆ ಹಾರಿ ಬಂದವನು ಬುಲೆಟ್ಟಿನ ಕಾಲಿನವನು.

*

ಯಾರ್ಡ್ ಅನ್ನುವುದು ದೊಡ್ಡ ಹೆಸರು. ಕಂಪನಿ ಬಾಡಿಗೆಗೆ ಹಿಡಿದಿದ್ದ ಮುನಿರಾಜ್‌ನ ಹಳೇ ದ್ರಾಕ್ಷಿ ತೋಟ; ಬಳ್ಳಿ ಕಿತ್ತು ಎಬ್ಬಿಸಿದ ಎರಡು ತಗಡಿನ ಶೆಡ್ಡು, ನಡುವೆ ಉದ್ದನೆಯ ಮಣ್ಣಿನ ಓಣಿ.

ಗೇಟಿನ ಹತ್ತಿರ ಜಯಮಾಲಾ ಕೂತಿದ್ದಳು. ಭೀಮಾಶಂಕರನ ಹೆಂಡತಿ. ಕಲಬುರಗಿ ಕಡೆಯವಳು, ಲಿಂಗರಾಜಪುರದಲ್ಲಿ ಒಂದು ರೂಮಿನ ಬಾಡಿಗೆ ಮನೆ. ಗಾರ್ಮೆಂಟ್ಸಿಗೆ ರಜೆ ಹಾಕಿ ದಿನಾ ಇಲ್ಲಿಗೆ ಬಂದು ಕೂರುತ್ತಿದ್ದಳು, ಗಂಡ ಇಲ್ಲಿಂದ ಹೋದವನು ಇಲ್ಲಿಗೇ ವಾಪಸು ಬರುತ್ತಾನೆ ಅನ್ನುವ ಹಾಗೆ.

"ಅಕ್ಕಾರ, ಏನರ ಸಿಕ್ತೇನ್ರಿ?"

ತನಿಖೆ ಮಾಡುವವರು ಹೇಳಬಾರದ ಮಾತನ್ನು ರಮ್ಯ ಹೇಳಿಬಿಟ್ಟಳು. "ನಾಳೆ ನಿನ್ನ ಗಂಡ ಮನೇಲಿ ಊಟ ಮಾಡ್ತಾನೆ."

ಜಯಮಾಲಾ ಸೆರಗು ಬಾಯಿಗೆ ಒತ್ತಿಕೊಂಡಳು.

ಶೆಡ್ಡಿನೊಳಗೆ ಯಾರ್ಡಿನ ಮುಖ್ಯಸ್ಥ ಸಂಜೀವಪ್ಪ ಗಾಡಿಯನ್ನು ಅವಳ ಕೈಯಿಂದ ತೆಗೆದುಕೊಂಡು ಅದರ ಮೈಯೆಲ್ಲ ಸವರಿದ. ಬೇರೆಯವರ ಮನೆಗೆ ಕಳಿಸಿದ ಮಗುವನ್ನು ತಿರುಗಿಸಿ ತಿರುಗಿಸಿ ನೋಡುವ ಹಾಗೆ.

"ಸಂಜೀವಪ್ಪನವರೇ, ಸ್ಟೇಷನ್ ಹತ್ರ ಇರೋ ಗಾಡೀಲಿ ಗೇರ್ ಲಿವರ್ ಕೆಳಕ್ಕೆ ಬಗ್ಗಿದೆ. ಯಾಕೆ?"

"ಬಿತ್ತಲ್ಲ ಮೇಡಂ. ಬಿದ್ದೇಟಿಗೆ ಬಗ್ಗಿರುತ್ತೆ."

"ಯಾವ ಕಡೆಗೆ ಬಿದ್ದಿತ್ತು?"

"ಬಲಕ್ಕೆ. ಬಲಗಡೆ ಪೂರ್ತಿ ಉಜ್ಜಿಹೋಗಿದೆ, ಹ್ಯಾಂಡಲ್ಲು, ಟ್ಯಾಂಕು..."

"ಗೇರ್ ಲಿವರ್ ಇರೋದು?"

ಸಂಜೀವಪ್ಪನ ಕೈ ಟ್ಯಾಂಕಿನ ಮೇಲೆ ನಿಂತುಹೋಯಿತು. ಅವನು ಬಗ್ಗಿ ಎಡಗಡೆ ನೋಡಿದ. ಎದ್ದು ರಮ್ಯಳನ್ನು ನೋಡಿದ. "ಥೂ" ಎಂದ, ತನಗೇ. "ನಾಲ್ಕು ಸಲ ನೋಡಿದ್ದೀನಿ ಅದನ್ನ. ಕಾಲಲ್ಲಿ ಒದ್ದು ಬಗ್ಗಿಸಿದ್ದು ಅಲ್ವಾ ಮೇಡಂ ಅದು?"

"ನಿಮ್ಮಲ್ಲಿ ಬುಲೆಟ್ ಓಡ್ಸೋರು ಯಾರಿದ್ದಾರೆ?"

"ನಮ್ಮ ರೈಡರ್ಸಲ್ಲಿ ಯಾರೂ ಇಲ್ಲ. ಎಲ್ಲ ನೂರು ಸಿಸಿ ಗಾಡಿಯೋರು. ಭೀಮಾಶಂಕರ ಬರ್ತಾ ಇದ್ದದ್ದು ಬಸ್ಸಲ್ಲಿ." ಮಾತು ಮುಗಿಸುವ ಮೊದಲೇ ಅವನ ಕಣ್ಣು ಶೆಡ್ಡಿನ ಆಚೆ, ಹೊಂಗೆಮರದ ಕಡೆಗೆ ಹೋಯಿತು.

ಹೊಂಗೆಮರದ ಕೆಳಗೆ ಹಳೇ ಕಪ್ಪು ಬುಲೆಟ್ ನಿಂತಿತ್ತು. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅದರ ಒಡೆಯ ಮುನಿರಾಜ್, ಯಾರ್ಡಿನ ಜಮೀನಿಗೂ, ಆ ಕ್ವಾರಿಗೂ ಒಡೆಯ, ಪೇಪರು ಹಿಡಿದು ಕೂತಿದ್ದ. ಮಾರ್ಚ್ ತಿಂಗಳ ಬಿಸಿಲು ಹೆಂಚಿನ ಹಾಗೆ ಸುಡುತ್ತಿದ್ದರೂ ತುಂಬುತೋಳಿನ ಶರ್ಟು, ಮಣಿಕಟ್ಟಿನವರೆಗೆ ಗುಂಡಿ ಹಾಕಿ.

ಅವನು ರಮ್ಯಳಿಗೆ ವರಸೆಯಲ್ಲಿ ಚಿಕ್ಕಪ್ಪ. ಹೊರಮಾವಿನ ಅವಳ ಮನೆಯ ಮದುವೆ ಮುಂಜಿಗೆಲ್ಲ ಮೊದಲ ಪಂಕ್ತಿಯಲ್ಲಿ ಕೂತು ಉಣ್ಣುವವನು.

"ಅವರು ಮುಂಗುಸಿ ಕೇಳಿದ್ರಾ ಯಾವತ್ತಾದ್ರೂ?"

"ಎಷ್ಟು ಸಲ! ಒಂದು ರೌಂಡ್ ಕೊಡಯ್ಯ ಅಂತ. ಕಂಪನಿ ರೂಲ್ಸು, ಆಗಲ್ಲ ಸಾರ್ ಅಂದೆ. ಎಲ್ಲರ ಮುಂದೇನೇ ಅಂದುಬಿಟ್ಟೆ. ಆವತ್ತಿಂದ ನನ್ನ ಜೊತೆ ಸರಿಯಾಗಿ ಮಾತಿಲ್ಲ."

ರಮ್ಯ ಮೊಬೈಲ್ ತೆಗೆದು ಸಬ್ ಇನ್ಸ್‌ಪೆಕ್ಟರ್ ಶಾಂತಕುಮಾರಿಗೆ ಫೋನ್ ಮಾಡಿದಳು. ಆಮೇಲೆ ಸಂಜೀವಪ್ಪನ ಕಿವಿಯಲ್ಲಿ ಒಂದು ಮಾತು ಹೇಳಿದಳು. ಅವನ ಮುಖ ಬಿಳಿಚಿತು.

"ಬೇಡ ಮೇಡಂ. ಇರೋದು ಇದೊಂದೇ ಗಾಡಿ."

"ಇರೋದು ಒಬ್ಬನೇ ಭೀಮಾಶಂಕರ."

*

ಶಾಂತಕುಮಾರಿ ಜೀಪಿನಿಂದ ಇಳಿದಾಗಲೇ ಕೈಗಡಿಯಾರ ನೋಡಿಕೊಂಡರು. ಕೇಸು ಮುಗಿದದ್ದು ಎಂದು ನಂಬಿದ್ದವರು. ಆದರೂ ಕರೆದ ಕಡೆ ಬರುವ ಹೆಂಗಸು. "ಐದು ನಿಮಿಷ ರಮ್ಯ. ಅಷ್ಟರಲ್ಲಿ ತೋರಿಸೋದೇನಿದ್ರೂ ತೋರಿಸ್ಬಿಡಿ."

ರಮ್ಯ ಹೊಂಗೆಮರದ ಕಡೆಗೆ ನಡೆದಳು.

"ಏನಮ್ಮಿ, ಮುನಿಶಾಮಣ್ಣನ ಮಗಳು ಕ್ವಾರಿ ಪೂರ್ತಿ ಮುಖಕ್ಕೆ ಬಳ್ಕಂಡ್ ಬಂದಂಗೈತೆ!" ಮುನಿರಾಜ್ ಪೇಪರು ಮಡಿಸಿದ. "ಗಂಡುಬೀರಿ ಆಗ್ಬುಟ್ಟೆ. ನಿಮ್ಮಪ್ಪನಿಗೆ ಹೇಳ್ದೆ ಆವತ್ತೇ, ಬುಲೆಟ್ ಕಲಿಸ್ಬ್ಯಾಡ ಕಣಣ್ಣ, ಆಮೇಲೆ ಗಂಡು ಸಿಕ್ಕಲ್ಲ ಅಂತ."

"ಸಿಗದಿದ್ರೆ ಬುಲೆಟ್ಟಿಗೇ ತಾಳಿ ಕಟ್ತೀನಿ ಬಿಡಿ ಚಿಕ್ಕಪ್ಪ. ಈ ಗಾಡಿ ಮಾತ್ರ ಸಕತ್ತಾಗಿದೆ. ನೀವಿನ್ನೂ ಓಡ್ಸೇ ಇಲ್ವಂತೆ?"

"ಜಮೀನು ನಂದು, ಶೆಡ್ಡು ನಂದು, ಕರೆಂಟ್ ಮೀಟ್ರು ನಂದು. ಗಾಡಿ ಮಾತ್ರ ಮುಟ್ಟಂಗಿಲ್ವಂತೆ. ಕೇಳು ನಿಮ್ ಸಂಜೀವಪ್ಪನ್ನ."

"ನಾನು ಕೇಳಿದ್ದಾಯ್ತು. ಇವತ್ತು ನನ್ನ ಲೆಕ್ಕದಲ್ಲಿ ಒಂದು ರೌಂಡು. ಇಲ್ಲೇ ಓಣೀಲಿ."

ಮುನಿರಾಜ್ ಅವಳನ್ನು ನೋಡಿದ. ಪೊಲೀಸ್ ಜೀಪನ್ನು ನೋಡಿದ. ಒಂದು ಗಳಿಗೆ ಅವನ ಮುಖದಲ್ಲಿ ಏನೋ ಸರಿದುಹೋಯಿತು, ಕೊಳದಲ್ಲಿ ಮೀನು ಮೇಲೆ ಬಂದು ಮುಳುಗಿದ ಹಾಗೆ. ಆಮೇಲೆ ನಕ್ಕ. ಶೆಡ್ಡಿನ ಹುಡುಗರೆಲ್ಲ ಸ್ಪ್ಯಾನರು ಕೆಳಗಿಟ್ಟು ನೋಡುತ್ತಿದ್ದರು. ಅವರೆದುರು ಬೇಡ ಅನ್ನುವುದು ಅವನಿಂದಾಗದ ಕೆಲಸ.

ಪಂಚೆ ಎತ್ತಿ ಕಟ್ಟಿ ಗಾಡಿ ಹತ್ತಿದ. ಕೈ ಟ್ಯಾಂಕಿನ ಕೆಳಗೆ ಇಳಿಯಿತು. ಟಕ್. ಇಂಜಿನ್ ಎದ್ದಿತು.

ಸ್ವಿಚ್ ಎಲ್ಲಿದೆ ಎಂದು ಅವನು ಕೇಳಲೇ ಇಲ್ಲ. ಬೆಳಿಗ್ಗೆ ರಮ್ಯ ಅದಕ್ಕಾಗಿ ಎಷ್ಟೋ ಹೊತ್ತು ತಡಕಾಡಿದ್ದಳು.

ಓಣಿಯ ಆ ತುದಿಗೆ ಹೋಗಿ ತಿರುಗಿಸಿಕೊಂಡ. ನಿಧಾನ ಹೊರಟವನು ಅರ್ಧದಾರಿಗೆ ಬರುವಾಗ ಎದೆ ಉಬ್ಬಿಸಿದ್ದ. ಗೇರು ಏರಿಸಿದ. ಇನ್ನೊಂದು ಏರಿಸಿದ. ಪಂಚೆ ಗಾಳಿಗೆ ಪಟಪಟ ಅನ್ನುತ್ತಿತ್ತು. ಶೆಡ್ಡಿನ ಹುಡುಗನೊಬ್ಬ ಸಿಳ್ಳೆ ಹಾಕಿದ.

ರಮ್ಯ ಕೈ ಎತ್ತಿದಳು. ಶೆಡ್ಡಿನ ಮರೆಯಿಂದ ಸಂಜೀವಪ್ಪ ಖಾಲಿ ಡ್ರಮ್ಮೊಂದನ್ನು ಓಣಿಗೆ ಉರುಳಿಸಿದ.

ಗಾಡಿ ಕಿರುಚಿತು.

ಅದೇ ದನಿ. ಗೇಟಿನಾಚೆ ಕಾಗೆಗಳು ಎದ್ದವು. ಮುಂದಿನ ಚಕ್ರ ಡ್ರಮ್ಮನ್ನು ಗುದ್ದಿ ಗಾಡಿ ಓಲಾಡಿತು; ಮುನಿರಾಜ್ ಎರಡೂ ಕಾಲು ನೆಲಕ್ಕೆ ಕೊಟ್ಟು ಹೇಗೋ ತಡೆದು ನಿಂತ. ಡ್ರಮ್ಮು ಉರುಳುತ್ತ ಹೋಗಿ ಗೋಡೆಗೆ ಬಡಿದು ಸುಮ್ಮನಾಯಿತು.

"ಸಾಯಿಸ್ಬುಡ್ತಿದ್ದೆಯಲ್ಲೋ ಬೋಳಿಮಗನೇ!"

"ಚಿಕ್ಕಪ್ಪ." ರಮ್ಯ ಹತ್ತಿರ ಬಂದಿದ್ದಳು. "ಈಗ ಯಾವ ಕಾಲಲ್ಲಿ ಒತ್ತಿದ್ರಿ?"

ಮುನಿರಾಜ್ ಬಗ್ಗಿ ನೋಡಿದ. ಬೇರೆ ಯಾರದೋ ಚಪ್ಪಲಿ ಹಾಕಿಕೊಂಡು ಬಂದುಬಿಟ್ಟವನ ಹಾಗೆ ತನ್ನ ಎಡಗಾಲನ್ನು ನೋಡಿದ.

ಶಾಂತಕುಮಾರಿ ಈಗ ಗಡಿಯಾರ ನೋಡುತ್ತಿರಲಿಲ್ಲ. "ಇನ್ನೊಂದ್ಸಲ ಹೇಳಿ ರಮ್ಯ. ನಿಧಾನವಾಗಿ."

ರಮ್ಯ ಹೇಳಿದಳು. ನಾಯಿ ಬಂದದ್ದು, ತನ್ನ ಕಾಲು ಮಾಡಿದ್ದು, ಗಂಗಲಕ್ಷ್ಮಮ್ಮ ಕೇಳಿದ ಕಿರುಚಾಟ, ಇಲ್ಲದ ಕರಿಗೆರೆ, ಬಲಕ್ಕೆ ಬಿದ್ದ ಗಾಡಿಯಲ್ಲಿ ಎಡಗಡೆ ಬಗ್ಗಿದ ಲಿವರು. ಹೇಳುತ್ತ ಹೇಳುತ್ತ ಅವಳ ದನಿ ಏರಿತು. "ಇದು ಬೇಕಂತ ಮಾಡಿದ್ದಲ್ಲ ಮೇಡಂ. ನಿಲ್ಲಿಸೋಕೆ ಹೋಗಿ ತಪ್ಪಿದ್ದು. ಆದರೆ ಆ ತಪ್ಪು ಎಲ್ಲರೂ ಮಾಡಲ್ಲ. ಬುಲೆಟ್ ಮೇಲೆ ಪಳಗಿದೋರು ಮಾತ್ರ ಮಾಡ್ತಾರೆ."

"ತೋಳು ಮಡಚಿ ಮುನಿರಾಜ್" ಎಂದರು ಶಾಂತಕುಮಾರಿ.

ಅವನು ಗುಂಡಿ ಬಿಚ್ಚಿದ. ಬಲ ಮುಂಗೈಯಿಂದ ಮೊಣಕೈವರೆಗೆ ಒಣಗುತ್ತ ಬಂದ ತರಚುಗಾಯ.

"ಜಾಲಿ ಮುಳ್ಳು ಮೇಡಂ. ಸೈಟು ಕ್ಲೀನ್ ಮಾಡಿಸ್ತಿವ್ನಿ, ಕೂಲಿಯೋರ ಜೊತೆ ನಾನೂ ಎಳೆದೆ. ಕೇಳಿ ಬೇಕಾದ್ರೆ."

"ಸ್ವಿಚ್ಚು?" ರಮ್ಯ ಬಿಡಲಿಲ್ಲ. "ಯಾರು ತೋರಿಸಿದ್ರು ನಿಮಗೆ?"

"ದಿನಾ ಇಲ್ಲೇ ಕುಂತಿರ್ತೀನಿ. ಇವ್ರು ದಿನಕ್ಕೆ ಹತ್ತು ಸಲ ಅಲ್ಲಿ ಕೈ ಹಾಕ್ತಾರೆ. ನನಗೇನ್ ಕಣ್ಣಿಲ್ವಾ?"

ಬಿಸಿಯಾದ ಇಂಜಿನ್ ಟಿಕ್ ಟಿಕ್ ಎಂದು ಆರುತ್ತಿತ್ತು. ಮುನಿರಾಜ್ ಗಾಡಿಯಿಂದ ಇಳಿದು, ಪಂಚೆ ಬಿಚ್ಚಿ ಸರಿಯಾಗಿ ಉಟ್ಟುಕೊಂಡ. ಹೆದರಿದವರ ಕೈ ಅಷ್ಟು ನೇರವಾಗಿ ನೆರಿಗೆ ಹಿಡಿಯುವುದಿಲ್ಲ. ರಮ್ಯಳಿಗೆ ಅದು ಹಿಡಿಸಲಿಲ್ಲ.

"ಅಂದ್ರೆ ಅಮ್ಮಿ," ಎಂದ ಸಾವಧಾನವಾಗಿ, "ನಿನ್ ಮಾತಿನ ಪ್ರಕಾರ, ಆಂಜನಮ್ಮನ್ನ ಹೊಡ್ದೋನು ಬುಲೆಟ್ ಓಡ್ಸಿ ರೂಢಿ ಆದೋನು. ಬ್ಯಾರೆ ಯಾರೂ ಆಗಕ್ಕಿಲ್ಲ. ಅಷ್ಟೇ ತಾನೇ?"

"ಅಷ್ಟೇ."

"ಗ್ಯಾರಂಟಿ?"

"ಗ್ಯಾರಂಟಿ. ಕೋರ್ಟಲ್ಲೂ ಹೇಳ್ತೀನಿ."

"ಮೇಡಂ, ಕೇಳಿಸ್ಕಂಡ್ರಲ್ಲ?"

"ಕೇಳಿಸ್ಕೊಂಡೆ" ಎಂದರು ಶಾಂತಕುಮಾರಿ.

ಮುನಿರಾಜ್ ಗೇಟಿನ ಕಡೆ ತಿರುಗಿದ. ಡ್ರಮ್ಮಿನ ಸದ್ದಿಗೆ ಜಯಮಾಲಾ ಒಳಗೆ ಬಂದು ಕಂಬ ಹಿಡಿದು ನಿಂತಿದ್ದಳು.

"ಬಾರಮ್ಮ, ಬಾ. ಬದುಕ್ದ ಬುಡು ನಿನ್ ಗಂಡ. ಬುಲೆಟ್ ಓಡ್ಸೋರು ಮಾಡಿರೋ ಕೆಲ್ಸವಂತೆ ಇದು." ಅವನ ದನಿಯಲ್ಲಿ ಜೇನಿತ್ತು. "ನಿಮ್ ಮನೆಯೋನಿಗೂ ಬುಲೆಟ್ಟಿಗೂ ಎಲ್ಲಿಂದೆಲ್ಲಿಗೆ? ಅದು ಗಂಡಸ್ರ ಗಾಡಿ. ಕಿಕ್ಕರ್ ಒದೆಯಕ್ಕೂ ತಾಕತ್ ಬೇಕು. ಆ ಕಡ್ಡಿ ಪೈಲ್ವಾನ ಒದ್ರೆ ಗಾಡಿ ಅವನ್ನೇ ವಾಪಸ್ ಒದ್ದು ಮೋರಿಗೆ ಹಾಕ್ತದೆ. ಅಲ್ವೇನ್ರಲಾ?"

ಶೆಡ್ಡಿನ ಹುಡುಗರು ಕಿಸಕ್ಕನೆ ನಕ್ಕರು.

ಜಯಮಾಲಾಳ ಮುಖ ಕೆಂಪಾಯಿತು. ಇಷ್ಟು ದಿನ ಯಾರು ಏನೆಂದರೂ ತಲೆ ತಗ್ಗಿಸಿ ನಿಂತಿದ್ದ ಹೆಂಗಸು ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಆ ಕ್ಷಣಕ್ಕೆ ರಮ್ಯಳಿಗೆ ಹೊಳೆಯಿತು. ತಡವಾಗಿ ಹೊಳೆಯಿತು.

"ಜಯಮಾಲಾ, ಸುಮ್ನಿರು..."

"ಯಾಕ್ ಸುಮ್ನಿರ್ಲಿರೀ? ಯಾರಿಗಿ ಕಡ್ಡಿ ಪೈಲ್ವಾನ ಅಂತಾನಿವ? ನಮ್ಮೂರಿಗಿ ಹೋಗಿ ಕೇಳ್ರಿ, ಗೌಡರ ಬುಲೆಟ್ ಯಾರ್ ಹೊಡಿತಿದ್ರು ಅಂತ! ಮೀಸಿ ಮೂಡೂಕಿಂತ ಮೊದಲ ಅದರ ಮ್ಯಾಲೇ ಕಲ್ತಾರ ನಮ್ಮ ಮನಿಯವರು. ಬೆಂಗಳೂರಿಗಿ ಬರೂತನಾ ಅದೇ ಗಾಡಿ. ಲಗ್ನಕ್ಕ ನಮ್ಮೂರಿಗಿ ಬಂದಾಗ ಕುದ್ರಿ ಬ್ಯಾಡ ಅಂದು ಬುಲೆಟ್ ಮ್ಯಾಲ ಬಂದಾರ, ಬಾಸಿಂಗ ಕಟ್ಕೊಂಡು! ಗೌಡರ ಮಕ್ಕಳಿಗೇ ಒದ್ಯಾಕ ಬರ್ತಿರ್ಲಿಲ್ಲ, ಇವ್ರು ಒಂದೇ ಒದಿಕಿಗಿ..."

ಅವಳು ನಿಲ್ಲಿಸಿದಳು. ಯಾರೂ ನಗುತ್ತಿರಲಿಲ್ಲ. ಸಂಜೀವಪ್ಪ ನೆಲ ನೋಡುತ್ತಿದ್ದ. ಶಾಂತಕುಮಾರಿ ರಮ್ಯಳನ್ನು ನೋಡುತ್ತಿದ್ದರು. ಮುನಿರಾಜ್ ಯಾರನ್ನೂ ನೋಡದೆ ತೋಳಿನ ಗುಂಡಿ ಹಾಕಿಕೊಳ್ಳುತ್ತಿದ್ದ, ಒಂದೊಂದಾಗಿ.

"ಏನಾತ್ರೀ?" ಎಂದಳು ಜಯಮಾಲಾ ಸಣ್ಣಗೆ.

ಮುನಿರಾಜ್ ತನ್ನ ಬುಲೆಟ್ಟಿನ ಹತ್ತಿರ ಹೋದ. ಒಂದೇ ಒದೆತಕ್ಕೆ ಅದು ಡುಗುಡುಗು ಎಂದಿತು. "ನಾನು ಎಲ್ಲೂ ಓಡ್ಹೋಗಕ್ಕಿಲ್ಲ ಮೇಡಂ. ಮನೆ ಗೊತ್ತಲ್ಲ. ಅಮ್ಮಿ, ಅಪ್ಪನ್ನ ಕೇಳ್ದೆ ಅಂತ ಹೇಳು." ಗೇಟು ದಾಟಿ ಹೋದ. ಯಾರೂ ತಡೆಯಲಿಲ್ಲ.

ಶಾಂತಕುಮಾರಿ ಟೋಪಿ ತೆಗೆದು ಹಣೆ ಒರೆಸಿಕೊಂಡರು. ಅವರ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ.

"ಬೇಕಂತ ಕೊಂದಿದ್ದಲ್ಲ ಅಂತ ತೋರಿಸಿದ್ರಿ ರಮ್ಯ. ಒಪ್ಕೋತೀನಿ. ಅಷ್ಟರಮಟ್ಟಿಗೆ ಅವನಿಗೆ ಒಳ್ಳೇದೇ. ಆದರೆ ಅವನು ಹೇಳ್ತಿರೋದು ಬೇಕಂತ ಮಾಡಿಲ್ಲ ಅಂತಲ್ಲ. ನಾನು ಗಾಡಿ ಮೇಲೇ ಇರಲಿಲ್ಲ ಅಂತ. ಆ ಮಾತು ಇನ್ನು ಯಾರು ನಂಬ್ತಾರೆ?"

"ಮುನಿರಾಜ್ ಕಾಲೂ ಅದೇ ಮಾಡ್ತಲ್ಲ ಮೇಡಂ!"

"ನಿಮ್ಮ ಕಾಲೂ ಅದೇ ಮಾಡ್ತು. ನಿಮ್ಮನ್ನೂ ಒಳಗೆ ಹಾಕ್ಲಾ?" ಅವರು ಜೀಪು ಹತ್ತಿದರು. "ಬೆಳಿಗ್ಗೆ ಕೋರ್ಟಿಗೆ ಬನ್ನಿ. ಗ್ಯಾರಂಟಿ ಅಂದ್ರಲ್ಲ, ಅದನ್ನ ಸರ್ಕಾರದ ಕಡೆ ನಿಂತು ಹೇಳ್ಬೇಕಾಗುತ್ತೆ."

ಜೀಪಿನ ಧೂಳು ಇಳಿಯುವವರೆಗೂ ರಮ್ಯ ಅಲ್ಲೇ ನಿಂತಿದ್ದಳು. ಬೆಳಿಗ್ಗೆಯಿಂದ ಅವಳು ಒಂದು ಬೀಗಕ್ಕೆ ಕೀಲಿ ಕಡೆಯುತ್ತಿದ್ದಳು. ಕಡೆದು ಮುಗಿಸಿ ನೋಡಿದರೆ, ಅದು ಭೀಮಾಶಂಕರನ ಬಾಗಿಲಿಗೆ ಹೊರಗಿನಿಂದ ಹಾಕುವ ಬೀಗದ್ದು.

ಒಂದೇ ಒಂದು ಎಳೆ ಉಳಿದಿತ್ತು. ಮುನಿರಾಜ್ ಸುಮ್ಮನೆ ಹಂಗಿಸಲಿಲ್ಲ. ಏನು ಉತ್ತರ ಬರುತ್ತದೆಂದು ಗೊತ್ತಿದ್ದೇ ಹಂಗಿಸಿದ. ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುವ ಟೆಸ್ಟ್ ರೈಡರನ ಹಳೇ ಬುಲೆಟ್ಟಿನ ಸುದ್ದಿ ಇವನಿಗೆ ಹೇಗೆ ಗೊತ್ತು? ಅದು ಗೊತ್ತಾದರೆ ಇನ್ನೂ ಆಟ ಇದೆ.

ಅವಳು ಜಯಮಾಲಾಳ ಎರಡೂ ಭುಜ ಹಿಡಿದಳು. "ನೋಡು, ಇದು ತುಂಬ ಮುಖ್ಯ. ಬುಲೆಟ್ ವಿಷಯ ಮುನಿರಾಜ್‌ಗೆ ಯಾರು ಹೇಳಿದ್ರು? ನೀನೇನಾದ್ರೂ?"

"ಇಲ್ರೀ ಅಕ್ಕಾರ, ನಮ್ಮವ್ವನ ಆಣಿಗೂ ಇಲ್ಲ. ಇವತ್ತಿನ ತನಕ ಯಾರ ಮುಂದೂ ಬಾಯಿ ಬಿಟ್ಟಿಲ್ಲ." ಜಯಮಾಲಾಳ ಕಣ್ಣು ತುಂಬಿ ಬಂತು. "ಸಿಟ್ಟಿನಾಗ ಹೊಂಟ್ ಹೋತು ನೋಡ್ರಿ. ಅವ್ರಿಗಿ ಮಾತು ಕೊಟ್ಟಿದ್ದೆ."

"ಯಾರಿಗೆ?"

"ನಮ್ಮ ಮನಿಯವರಿಗಿ. ಹಿಡ್ಕೊಂಡು ಹೋದ ದಿನಾನೇ, ಸ್ಟೇಷನ್ದಾಗ ಸರಳಿನ ಹಿಂದಿಂದ ಕೈ ಹಿಡ್ದು ಅಂದಿದ್ರು."

ರಮ್ಯಳ ಕೈ ಸಡಿಲವಾಯಿತು. ಆ ದಿನ ಎಡಗಾಲಿನ ಸುದ್ದಿ ಪೊಲೀಸರಿಗೆ ಗೊತ್ತಿರಲಿಲ್ಲ, ಕಂಪನಿಗೆ ಗೊತ್ತಿರಲಿಲ್ಲ, ತನಗೂ ಗೊತ್ತಿರಲಿಲ್ಲ. ಗೊತ್ತಿರಲು ಸಾಧ್ಯವಿದ್ದದ್ದು ಆ ಗಾಡಿಯ ಮೇಲಿದ್ದವನಿಗೆ ಮಾತ್ರ.

"ಏನಂತ?"

"ಯಾರು ಏನರ ಕೇಳ್ಲಿ, ಜಯಾ, ನಾನು ಬುಲೆಟ್ ಹೊಡಿತಿದ್ದೆ ಅಂತ ಮಾತ್ರ ಹೇಳಬ್ಯಾಡ ಅಂದ್ರು." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ರಮ್ಯಳ ಮುಖ ನೋಡಿದಳು. "ಯಾಕ್ ಹಂಗ ಅಂದಿರಬೇಕ್ರೀ, ಅಕ್ಕಾರ?"